ಮಾರ್ಚ್‌ನಿಂದ ಮೇವರೆಗೆ: ಘಟ್ಟದ ಅಂಚಿನಲ್ಲಿ ಕಾಡಿನ ಹೊಗೆ ಎಷ್ಟು ದಿನ, ಅಡ್ಡಮಳೆ ಯಾವಾಗ?

ಕಾನಂಚು (ಹೊಸನಗರ ತಾಲೂಕು) ಕೇಳಿದ್ದು:

ಹುಲಿಕಲ್‌ನಿಂದ ಸ್ವಲ್ಪ ಈಚೆ, ಕಣಿವೆಯಲ್ಲಿ ಹಂಚಿನ ಮನೆ. ಮನೆ ಹಿಂದೆ ಏರು ಬೇಣ (ಹುಲ್ಲುಗುಡ್ಡ), ಬೇಣದ ತಲೆಗೆ ಕಾಡು. ಮುಂದೆ ತಗ್ಗಿನಲ್ಲಿ ಎರಡೆಕರೆ ಅಡಿಕೆ, ಮರಗಳಿಗೆ ಮೆಣಸಿನ ಬಳ್ಳಿ. ಫೆಬ್ರವರಿ ಮುಗಿಯುತ್ತಾ ಬಂತು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕಣಿವೆ ಬೆಳ್ಳಗೆ ತುಂಬಿಕೊಂಡಿರುತ್ತೆ. ಕೆಲವು ದಿನ ಸುಟ್ಟ ವಾಸನೆ ಇರುತ್ತೆ, ಕೆಲವು ದಿನ ಇರಲ್ಲ. ಸಣ್ಣ ಗಾಳಿಮಾಪಕವೊಂದು ಮನೆಯಲ್ಲಿದೆ. ಏಳು ಗಂಟೆಗೆ ಪಿಎಂ 2.5 (ಗಾಳಿಯಲ್ಲಿನ ಸೂಕ್ಷ್ಮ ಕಣ) ಅಂತ 180 ತೋರಿಸುತ್ತೆ, ಹನ್ನೊಂದಕ್ಕೆ 40. ಮನೆಯಲ್ಲಿ ಅಮ್ಮನಿಗೆ ದಮ್ಮು ಇದೆ.

ಕೇಳಬೇಕಾದ್ದು ಇಷ್ಟು:

ಟಿವಿಯಲ್ಲಿ "ಈ ಬೇಸಿಗೆ ಉಷ್ಣಾಂಶ ವಾಡಿಕೆಗಿಂತ ಹೆಚ್ಚು, ಮಳೆ ವಾಡಿಕೆಯಷ್ಟು" ಅನ್ನುತ್ತಾರಲ್ಲ, ಅದನ್ನು ಒಂದು ಕಣಿವೆಯ ಮಟ್ಟಕ್ಕೆ ಇಳಿಸಿ ಓದುವುದು ಹೇಗೆ? ಹೊಗೆ ಯಾವಾಗ ನಿಲ್ಲುತ್ತೆ? ಬೇಣದ ತಲೆಗೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಬೋಳಿಸಿದ ಪಟ್ಟಿ) ಈಗ ಮಾಡಿದರೆ ತಡವಾಯಿತಾ? ಐಬೆಕ್ಸ್ ಬೇಲಿ (ಪ್ರಾಣಿ ತಡೆಯುವ ವಿದ್ಯುತ್ ತಂತಿ ಬೇಲಿ), ಬಾವಿ ಮೋಟರ್, ಯುಪಿಎಸ್ ಮೂರೂ ಇವೆ, ಸಿಡಿಲಿಗೆ ಮುಂಚೆ ಏನೇನು ಮಾಡಿಕೊಳ್ಳಬೇಕು? ಮುಂದಿನ ವಾರ ಮೆಣಸು ಕೊಯ್ಲು ಶುರು. ಒಣಗಿಸಲು ಎಷ್ಟು ದಿನದ ಬಿಸಿಲು ನಂಬಬಹುದು?

---

ಮಳೆಮಾಪಕ (ಸಾಗರ) ಉತ್ತರಿಸಿದ್ದು:

ಮೊದಲು ಋತುವಿನ ಮುನ್ನೋಟ. ಹವಾಮಾನ ಇಲಾಖೆ ಫೆಬ್ರವರಿ ಕೊನೆಗೆ ಮಾರ್ಚ್–ಮೇ ತಿಂಗಳದ್ದು ಕೊಡುತ್ತೆ, ಮಾರ್ಚ್ ಕೊನೆಯ ಹೊತ್ತಿಗೆ ಏಪ್ರಿಲ್–ಜೂನ್‌ದು, ಏಪ್ರಿಲ್ ಮಧ್ಯದಲ್ಲಿ ಮುಂಗಾರಿನದು. ಆ ಭೂಪಟದ ಬಣ್ಣ ಎಷ್ಟು ಮಿಲಿಮೀಟರ್ ಬರುತ್ತೆ ಅನ್ನುವುದಕ್ಕಲ್ಲ, ಯಾವ ಕಡೆಗೆ ವಾಲಿದೆ ಅನ್ನುವುದಕ್ಕೆ. ಹಿಂದಿನ ವರ್ಷಗಳನ್ನು ಕಡಿಮೆ, ವಾಡಿಕೆ, ಹೆಚ್ಚು ಅಂತ ಮೂರು ಸಮಪಾಲು ಮಾಡಿರುತ್ತಾರೆ. ಏನೂ ಗೊತ್ತಿಲ್ಲದವನು ಕಣ್ಣು ಮುಚ್ಚಿ ಹೇಳಿದರೂ ಒಂದೊಂದಕ್ಕೆ 33 ಪಾಲು ಸಿಗುತ್ತೆ. "ಹೆಚ್ಚು ಮಳೆಗೆ 45 ಪಾಲು" ಅಂದರೆ ತಕ್ಕಡಿ ಅತ್ತ ಸ್ವಲ್ಪ ಬಾಗಿದೆ, ಉಳಿದ 55 ಪಾಲು ಇನ್ನೂ ಇತ್ತಲೇ ಇದೆ ಅಂತ. ಅದನ್ನು ನಂಬಿ ಕಣ ಬಳಿಯುವುದು, ಕೊಯ್ಲಿನ ಆಳು ಹೇಳುವುದು ಬೇಡ.

ಹೊಗೆಯ ಲೆಕ್ಕಕ್ಕಂತೂ ಮೂರು ತಿಂಗಳ ಒಟ್ಟು ಮಳೆ ಹೆಚ್ಚು ಉಪಯೋಗಕ್ಕೆ ಬರಲ್ಲ. ಬೇಕಾದ್ದು ಮೊದಲ ಹದ ಮಳೆಯ ತಾರೀಖು. ಮೇ 20ಕ್ಕೆ ಒಂದೇ ಸಂಜೆ 90 ಮಿ.ಮೀ. ಹೊಡೆದರೆ ಆ ಬೇಸಿಗೆಯ ಲೆಕ್ಕ "ವಾಡಿಕೆ" ಅಂತಲೇ ಬರಬಹುದು, ಆದರೆ ಅಷ್ಟರೊಳಗೆ ಕಾಡು ಹತ್ತು ವಾರ ಒಣಗಿರುತ್ತೆ. ಅದೇ ಮಾರ್ಚ್ 20ಕ್ಕೆ 20, ಏಪ್ರಿಲ್ 5ಕ್ಕೆ 25 ಬಿದ್ದರೆ ಒಟ್ಟು ಅರ್ಧ ಇದ್ದರೂ ಹೊಗೆಯ ಕಾಲ ಬಹಳ ಮೊಟಕಾಗುತ್ತೆ. ವರ್ಷದಿಂದ ವರ್ಷಕ್ಕೆ ಈ ಒಣ ಕಾಲ ಎಷ್ಟು ಹಿಗ್ಗಿ ಕುಗ್ಗುತ್ತೆ ನೋಡಿ: 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತು, ಅದರ ಬೆನ್ನಿಗೇ 2024ರ ಬೇಸಿಗೆ ಬಂತು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂದು ಕೂತಿತ್ತು. ವಾಡಿಕೆಯ ದಿನ ಜೂನ್ 1.

ಮಳೆ ನಕ್ಷತ್ರದ ಲೆಕ್ಕ ಹಳೇದು ಅಂತ ತಳ್ಳಿಹಾಕಬೇಡಿ, ಮುನ್ಸೂಚನೆ ಅಂತಲೂ ತಗೋಬೇಡಿ. ಅದು ಸೂರ್ಯನ ಪಂಚಾಂಗ, ಹಾಗಾಗಿ ತಾರೀಖು ಹೆಚ್ಚುಕಡಿಮೆ ಗಟ್ಟಿ: ರೇವತಿ ಮಾರ್ಚ್ ಕೊನೆಯಿಂದ, ಅಶ್ವಿನಿ ಏಪ್ರಿಲ್ 13–14ರಿಂದ, ಭರಣಿ ಏಪ್ರಿಲ್ 27ರ ಸುಮಾರಿಗೆ, ಕೃತ್ತಿಕೆ ಮೇ 11ರ ಸುಮಾರಿಗೆ. ಭರಣಿ ಸುರಿದರೆ ಧರಣಿ ಬದುಕೀತು ಅನ್ನುವ ಮಾತು ನಮ್ಮ ಸೀಮೆಯ ಗುಡುಗು ಮಳೆ ಏಪ್ರಿಲ್ ಕೊನೆಗೆ ಬಲಿಯುತ್ತೆ ಅನ್ನುವುದರ ಗುರುತು. ಈ ವರ್ಷ ಬರುತ್ತಾ ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಈಗ ದಿನದ ಮುನ್ಸೂಚನೆ. ಇಲ್ಲಿ ಪದಗಳಿಗೆ ಅಳತೆ ಇದೆ, ಎಷ್ಟೋ ಜನ ಗಮನಿಸುವುದೇ ಇಲ್ಲ. "ಒಂದೆರಡು ಕಡೆ" ಅಂದರೆ ಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಕಡೆ ಮಳೆ. "ಕೆಲವೆಡೆ" ಅಂದರೆ 26ರಿಂದ 50 ಪಾಲು, "ಹಲವೆಡೆ" 51ರಿಂದ 75, "ಬಹುತೇಕ ಕಡೆ" ಅಂದರೆ ಮುಕ್ಕಾಲಿಗೂ ಮೇಲೆ. ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆಗೆ "ಒಂದೆರಡು ಕಡೆ" ಅಂತ ಬಂದರೆ ನಿಮ್ಮ ಕಣಿವೆಗೆ ಬೀಳದೇ ಇರುವ ಸಾಧ್ಯತೆಯೇ ಜಾಸ್ತಿ. "ಹಲವೆಡೆ" ಬಂದ ದಿನ ಟಾರ್ಪಾಲು ತೆಗೆದಿಡಿ. ಇನ್ನೊಂದು: ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಮಂಗಳವಾರ ಸಂಜೆ ಸುರಿದದ್ದು ಬುಧವಾರದ ತಾರೀಖಿನಲ್ಲಿ ಕಾಣುತ್ತೆ. "ನಿನ್ನೆ ಹೊಡೆದ ಮಳೆ ಲೆಕ್ಕದಲ್ಲೇ ಇಲ್ಲ" ಅಂತ ಜಗಳ ಮಾಡುವವರು ಇಷ್ಟು ತಿಳಿದರೆ ಸಾಕು.

ಗುಡುಗು ಮಳೆ ಬರುವ ದಿನವನ್ನು ಬೆಳಿಗ್ಗೆಯೇ ಅಂದಾಜು ಮಾಡಲು ಒಂದೇ ಅಂಕಿ ನೋಡುವುದಾದರೆ ಇಬ್ಬನಿ ಬಿಂದು (ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ಆವಿ ಹನಿಯಾಗುತ್ತೆ ಅನ್ನುವ ಅಂಕಿ) ನೋಡಿ, ಶೇಕಡಾ ಆರ್ದ್ರತೆ ಅಲ್ಲ. ಆರ್ದ್ರತೆ ನಮ್ಮಲ್ಲಿ ಬೆಳಿಗ್ಗೆ ಯಾವತ್ತೂ 90ರ ಮೇಲೆಯೇ ಇರುತ್ತೆ, ಅದರಿಂದ ಏನೂ ತಿಳಿಯಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬನಿ ಬಿಂದು 15 ಡಿಗ್ರಿಗಿಂತ ಕೆಳಗಿದ್ದರೆ ಅವತ್ತು ಒಣ ಮೂಡಲ ಗಾಳಿಯ ದಿನ; ಮಳೆ ಇಲ್ಲ, ಬೆಂಕಿಗೆ ಹೇಳಿ ಮಾಡಿಸಿದ ದಿನ. 18–20 ಇದ್ದರೆ ಮೋಡ ಕಟ್ಟೀತು. 21 ದಾಟಿ ಸೆಕೆ ಮೈಗೆ ಅಂಟುತ್ತಿದ್ದರೆ ಸಂಜೆ ಗುಡುಗಿಗೆ ಸಾಮಾನು ಸಿದ್ಧ. ಇದು ಕೈಯಂದಾಜು, ಸೂತ್ರ ಅಲ್ಲ. ಇದರ ಜೊತೆ ಹನ್ನೊಂದೂವರೆ ಹೊತ್ತಿಗೆ ಕೊಡಚಾದ್ರಿ ಸಾಲಿನ ಮೇಲೆ ಹೂಕೋಸಿನಂಥ ಮೋಡ ಎದ್ದು ನಿಂತಿದೆಯಾ ನೋಡಿ. ಕಡಲ ಗಾಳಿ ಮಧ್ಯಾಹ್ನ ಘಟ್ಟ ಹತ್ತಿ ಬರುತ್ತೆ, ಒಳನಾಡಿನ ಒಣ ಗಾಳಿ ಅದಕ್ಕೆ ಎದುರಾಗುತ್ತೆ, ಆ ಗಡಿಯಲ್ಲಿ ಮೋಡ ಏಳುತ್ತೆ. ಇಲಾಖೆಯ ವರದಿಯಲ್ಲಿ "ಒಳನಾಡು ಕರ್ನಾಟಕದ ಮೂಲಕ ಹಾದ ಕಡಿಮೆ ಒತ್ತಡದ ಪಟ್ಟಿ" ಅಂತ ಓದಿದ್ದೀರಲ್ಲ, ಅದೂ ಜೊತೆಗಿದ್ದರೆ ಎರಡು ಗಂಟೆ ಮೇಲೆ ಕಣ ಕಾಯಬೇಕು.

ರೇಡಾರ್ ಚಿತ್ರ ನೋಡಿ ಮೋಸ ಹೋಗಬೇಡಿ. ಗೋವಾದ ರೇಡಾರ್ ಸಾಗರಕ್ಕೆ ಸುಮಾರು 200 ಕಿ.ಮೀ. ದೂರ. ಭೂಮಿ ಗುಂಡಗಿರುವುದರಿಂದ ಅದರ ಅತಿ ಕೆಳಗಿನ ಕಿರಣವೂ ನಮ್ಮ ಮೇಲೆ ನಾಲ್ಕು ಕಿ.ಮೀ. ಎತ್ತರದಲ್ಲಿ ಹಾಯುತ್ತೆ. ಶಿವಮೊಗ್ಗವಂತೂ 250 ಕಿ.ಮೀ. ಆಚೆ. ಬಲಿತ ಮೋಡದ ತಲೆ ಕಾಣುತ್ತೆ, ಎಳೆ ಮೋಡ ಕಾಣುವುದೇ ಇಲ್ಲ. ಇನ್ಸಾಟ್ ಉಪಗ್ರಹದ ಚಿತ್ರವನ್ನೂ ಜೊತೆಗೆ ನೋಡಿ. ಪಕ್ಕದೂರಿನಲ್ಲಿ ಮಳೆ ಬಂತಾ ಅನ್ನುವುದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ಇದೆ: ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ. ಅವರ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಹೋಬಳಿ ಹೆಸರು ಹೇಳಿದರೆ ಸಾಕು.

---

ದರಕುಗುಡ್ಡೆ (ತೀರ್ಥಹಳ್ಳಿ) ಉತ್ತರಿಸಿದ್ದು:

ಬೆಂಕಿ ರೇಖೆ ಈಗ ಮಾಡಿದರೆ ತಡ ಅಲ್ಲ, ಆದರೆ ಸುಟ್ಟು ಮಾಡುವ ಕಾಲ ಮುಗಿದಿದೆ. ಅರಣ್ಯ ಇಲಾಖೆಯವರು ರೇಖೆ ಸುಡುವುದು ಡಿಸೆಂಬರ್–ಜನವರಿಯಲ್ಲಿ, ಬೆಳಿಗ್ಗೆ ಇಬ್ಬನಿ ಇನ್ನೂ ಆರದಿರುವಾಗ. ಈಗ ಬೇಣಕ್ಕೆ ಬೆಂಕಿ ಕೊಟ್ಟರೆ ಹನ್ನೊಂದು ಗಂಟೆ ಮೇಲೆ ಅದು ನಿಮ್ಮ ಮಾತು ಕೇಳಲ್ಲ. ಕಾಡಿಗೆ ದಾಟಿದರೆ ಅರಣ್ಯ ಕಾಯ್ದೆ, ಅಭಯಾರಣ್ಯ ಆಗಿದ್ದರೆ 1972ರ ವನ್ಯಜೀವಿ ಕಾಯ್ದೆಯೂ ಸೇರಿಕೊಳ್ಳುತ್ತೆ. ಈಗ ಮಾಡಬೇಕಾದ್ದು ಗುಡಿಸಿ ತೆಗೆಯುವ ರೇಖೆ.

ನಿಮ್ಮ ಮನೆ ಬೇಣದ ಕೆಳಗಿದೆ ಅನ್ನುವುದು ಅದೃಷ್ಟ. ಬೆಂಕಿ ಏರಿಗೆ ಓಡುತ್ತೆ, ಇಳಿಜಾರಿಗೆ ತೆವಳುತ್ತೆ. ಏರು ಹತ್ತು ಡಿಗ್ರಿ ಹೆಚ್ಚಿದರೆ ಬೆಂಕಿಯ ಓಟ ಸುಮಾರು ಎರಡು ಪಟ್ಟು ಅಂತ ಲೆಕ್ಕ. ಮೇಲಿಂದ ಬರುವ ಬೆಂಕಿಯಲ್ಲಿ ನಿಮಗೆ ಕಾಟ ಕೊಡುವುದು ಉರುಳುವ ಕೊಳ್ಳಿ: ಉರಿಯುವ ಬಿದಿರ ಬುಡ, ಕುಂಟೆ (ಮರದ ಮೋಟು), ಒಣ ಕಾಯಿ ಜಾರಿ ರೇಖೆ ದಾಟಿ ಕೆಳಗೆ ಹೊತ್ತಿಸುತ್ತೆ. ಅದಕ್ಕೆ ರೇಖೆಯ ಕೆಳ ಅಂಚಿನಲ್ಲಿ ಒಂದಡಿ ಆಳದ ಚರಂಡಿ ತೆಗೆದು, ತೆಗೆದ ಮಣ್ಣನ್ನು ಮನೆ ಕಡೆಗೆ ದಿಂಡು ಹಾಕಿ. ಉರುಳಿದ್ದು ಅಲ್ಲೇ ಕೂರುತ್ತೆ.

ಅಗಲ ಎಷ್ಟು ಅನ್ನುವುದು ಏನು ಉರಿಯುತ್ತೆ ಅನ್ನುವುದರ ಮೇಲೆ. ಬರೀ ದರಕು (ಉದುರಿದ ಒಣ ಎಲೆ) ಆದರೆ ಜ್ವಾಲೆ ಮೊಣಕಾಲುದ್ದ, ಮೂರು ಮೀಟರ್ ಬೋಳು ನೆಲ ಸಾಕು. ಬೇಣದ ಎದೆಯುದ್ದದ ಒಣ ಹುಲ್ಲಾದರೆ ಐದು. ಅಂಚಿನಲ್ಲಿ ಲಂಟಾನ ಪೊದೆ ಇದ್ದರೆ ಅದು ಆಳುದ್ದಕ್ಕೂ ಮೇಲೆ ಎದ್ದು ಉರಿಯುತ್ತೆ. ರೇಖೆ ಅಗಲಿಸುವ ಬದಲು ಆ ಪೊದೆಯನ್ನೇ ಮೊದಲು ಕಡಿಯಿರಿ, ಕಡಿದದ್ದನ್ನು ಅಲ್ಲೇ ಬಿಡಬೇಡಿ. ಅಕೇಶಿಯ ತೋಪು ತಾಗಿಕೊಂಡಿದ್ದರೆ ಅದರ ಎಲೆ ಒಂದರ ಮೇಲೊಂದು ಒತ್ತಿ ಕೂರುತ್ತೆ, ಮೇಲೆ ಆರಿದಂತೆ ಕಂಡರೂ ಅಡಿಯಲ್ಲಿ ಗಂಟೆಗಟ್ಟಲೆ ಹೊಗೆಯಾಡುತ್ತೆ. ಮಣ್ಣು ಕಾಣುವವರೆಗೆ ಕೆರೆಯಬೇಕು.

ಎಲ್ಲರೂ ಮಾಡುವ ತಪ್ಪು: ಗುಡಿಸಿದ ದರಕನ್ನು ರೇಖೆಯ ಕಾಡಿನ ಕಡೆಗೆ ರಾಶಿ ಮಾಡುವುದು. ಬೆಂಕಿ ಬಂದಾಗ ಆ ರಾಶಿಯೇ ಕಿಡಿ ಹಾರಿಸುವ ಒಲೆ ಆಗುತ್ತೆ. ಮನೆ ಕಡೆಗೆ ಎಳೆದು ಕೊಟ್ಟಿಗೆಗೆ ಹಾಸಿ, ಇಲ್ಲವೇ ತೋಟದ ಬುಡಕ್ಕೆ ಹಾಕಿ. ಎರಡನೇ ತಪ್ಪು: ಒಮ್ಮೆ ಗುಡಿಸಿ ಬಿಡುವುದು. ಫೆಬ್ರವರಿ–ಮಾರ್ಚ್‌ನಲ್ಲಿ ಎಲೆ ಉದುರುತ್ತಲೇ ಇರುತ್ತೆ, ವಾರಕ್ಕೊಮ್ಮೆ ಪೊರಕೆಯೋ ಬ್ಲೋವರೋ ಆಡಲೇಬೇಕು.

ದರಕು ಮುಟ್ಟುವ ಮುಂಚೆ ಇನ್ನೊಂದು. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಅದರ ಹೆಸರೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನದ್ದು, ಗುರುತು ಸಿಕ್ಕಿದ್ದು 1957ರಲ್ಲಿ. ಅದನ್ನು ಹರಡುವ ಸಾಸಿವೆಯಷ್ಟು ಸಣ್ಣ ಉಣುಗು ದರಕಿನಲ್ಲೇ ಇರುತ್ತೆ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿ ಹೋಗಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಆ ಜಾಗಕ್ಕೆ ಹೋಗಲೇಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕೊಟ್ಟಿಗೆಗೆ ಹಾಸುವ ದರಕನ್ನೂ ಆ ಜಾಗದಿಂದ ತರಬಾರದು.

ಮನೆಯ ಲೆಕ್ಕಕ್ಕೆ ಬಂದರೆ, ಕಿಡಿ ಒಳಗೆ ಬರುವುದು ಹಂಚಿನ ಸಂದಿಯಿಂದ ಅಟ್ಟಕ್ಕೆ. ಅಟ್ಟದಲ್ಲಿ ಅಡಿಕೆ ಸಿಪ್ಪೆ, ಹಾಳೆ, ಗೋಣಿಚೀಲ ಇದ್ದರೆ ಮೇ ಮುಗಿಯುವವರೆಗೆ ಕೆಳಗಿಳಿಸಿ. ಸೂರಿನ ದೋಣಿಯಲ್ಲಿ ಎಲೆ ಇರಕೂಡದು. ಹುಲ್ಲಿನ ಬಣವೆ ಮನೆಯಿಂದ ಕನಿಷ್ಠ ಹತ್ತು ಹದಿನೈದು ಮೀಟರ್ ದೂರ. ಅಬ್ಬಿ (ಗುಡ್ಡದ ಒರತೆ) ನೀರಿನ ಪೈಪ್ ಬೇಣದ ಮೇಲೆ ಹಾದು ಬರುತ್ತಿದ್ದರೆ ಅದನ್ನು ಇವತ್ತೇ ನೋಡಿ. ಕಪ್ಪು ಪೈಪ್ ದರಕಿನ ಅಡಿ ಮಲಗಿರುತ್ತೆ, ಮೊದಲು ಕರಗುವುದು ಅದೇ, ಬೆಂಕಿ ಆರಿಸಲು ನೀರು ಬೇಕಾದ ಹೊತ್ತಿಗೆ ನಲ್ಲಿ ಒಣಗಿರುತ್ತೆ. ಅರ್ಧ ಅಡಿ ಮಣ್ಣಿನಡಿ ಹಾಕಿ, ಬಂಡೆಯ ಮೇಲೆ ಹೂಳಲಾಗದ ಕಡೆ ಎರಡೂ ಪಕ್ಕ ಒಂದು ಮೀಟರ್ ಬೋಳಿಸಿ.

ಬೆಂಕಿ ಕಂಡರೆ ಮೊದಲು 1926ಕ್ಕೆ, ಅರಣ್ಯ ಇಲಾಖೆಯ ಸಹಾಯವಾಣಿ. ಮನೆಗೆ ಹತ್ತಿರವಾದರೆ 112. ಉಪಗ್ರಹ ನೋಡಿರುತ್ತೆ ಅಂತ ಸುಮ್ಮನಿರಬೇಡಿ. ಸಣ್ಣ ಬೆಂಕಿ ಗುರುತಿಸುವ ವೀರ್ಸ್ ಸಾಧನ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಆಸುಪಾಸಿಗೆ. ಅದರ ಒಂದು ಚುಕ್ಕಿ ಅಂದರೆ 375 ಮೀಟರ್. ಸಂಜೆ ನಾಲ್ಕಕ್ಕೆ ಹೊತ್ತಿ ಹತ್ತಕ್ಕೆ ಆರಿದ್ದು, ಮರದ ನೆರಳಲ್ಲಿ ತೆವಳಿದ್ದು ಪಟ್ಟಿಯಲ್ಲೇ ಬರಲ್ಲ.

ನೀವೇ ಆರಿಸಲು ಹೋಗುವುದಾದರೆ ಬೆಂಕಿಯ ಬಾಲದಿಂದ, ಪಕ್ಕದಿಂದ. ಅದರ ಎದುರಿಗೆ, ಅದರಲ್ಲೂ ಏರಿನ ಮೇಲೆ ನಿಲ್ಲಕೂಡದು. ಹಸಿ ಸೊಪ್ಪಿನ ಕೊಂಬೆಯನ್ನು ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತೆ. ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. 16 ಲೀಟರ್ ಬ್ಯಾಟರಿ ಸ್ಪ್ರೇಯರ್ ಜ್ವಾಲೆಗೆ ಸಾಲದು, ಆಮೇಲೆ ಕುಂಟೆ ತಣಿಸಲು ಒಳ್ಳೇದು. ಮುಗೀತು ಅಂತ ಬಂದ ಮರುದಿನ ಮಧ್ಯಾಹ್ನ ಗಾಳಿಗೆ ಮತ್ತೆ ಏಳುವುದೇ ಹೆಚ್ಚು. ಹಿಂಗೈ ಹತ್ತಿರ ಹಿಡಿದು ಶಾಖ ನೋಡುತ್ತಾ ಬಿದಿರ ಮೆಳೆಗಳ ಬುಡ ಒಂದೊಂದೇ ತಡವಿ.

---

ತುಂಗಾತೀರ ಕೇಳಿದ್ದು:

ಬಿದಿರು ಬಿದಿರು ಉಜ್ಜಿ, ಇಲ್ಲಾ ಸಿಡಿಲು ಬಡಿದು ಕಾಡಿಗೆ ಬೆಂಕಿ ಬೀಳುತ್ತೆ ಅಂತಾರಲ್ಲ. ಹಾಗಾದರೆ ಗುಡುಗು ಜಾಸ್ತಿ ಆದರೆ ಬೆಂಕಿಯೂ ಜಾಸ್ತಿ ಅಲ್ವಾ?

---

ದರಕುಗುಡ್ಡೆ:

ಇಲ್ಲ ಮಾರಾಯ್ರೆ. ನಮ್ಮ ಕಾಡಿನ ಬೆಂಕಿ ಹೆಚ್ಚೂಕಮ್ಮಿ ಎಲ್ಲವೂ ಮನುಷ್ಯನ ಕೈಯದ್ದು. ಬೇಣ ಸುಟ್ಟದ್ದು ದಾಟಿದ್ದು, ಎಳೆ ಹುಲ್ಲಿಗೆ ಅಂತ ಇಟ್ಟದ್ದು, ಜೇನು ಹೊಗೆ, ರಸ್ತೆ ಬದಿಯ ಬೀಡಿ. ಸಿಡಿಲು ಬರುವ ಹೊತ್ತಿಗೆ ನಮ್ಮಲ್ಲಿ ಜೊತೆಗೆ ಮಳೆಯೂ ಇರುತ್ತೆ. ಬಿದಿರಿನ ನಿಜವಾದ ಪಾಲು ಬೇರೆ: ಹೂ ಬಿಟ್ಟು ಮೆಳೆಗೆ ಮೆಳೆಯೇ ಸತ್ತಾಗ ಅಷ್ಟೂ ಸೌದೆ ಒಂದೇ ಕಡೆ ನಿಂತಿರುತ್ತೆ.

ಆದರೆ ಗುಡುಗು ಮೋಡಕ್ಕೂ ಬೆಂಕಿಗೂ ಒಂದು ಕೆಟ್ಟ ನಂಟು ಇದೆ. ಮಳೆಗೆ ಹತ್ತು ಇಪ್ಪತ್ತು ನಿಮಿಷ ಮುಂಚೆ ಮೋಡದಿಂದ ತಣ್ಣನೆ ಗಾಳಿ ಕೆಳಗೆ ಬಿದ್ದು ನಾಲ್ಕೂ ಕಡೆ ಹರಡುತ್ತೆ, 40–50 ಕಿ.ಮೀ. ವೇಗ, ಅದುವರೆಗಿನ ದಿಕ್ಕಿಗೆ ಸಂಬಂಧವೇ ಇಲ್ಲ. ಅಲ್ಲಿವರೆಗೆ ಸುಮ್ಮನೆ ತೆವಳುತ್ತಿದ್ದ ಪಕ್ಕವೇ ಒಮ್ಮೆಗೆ ತಲೆಯಾಗಿ ಓಡುತ್ತೆ. "ಮೋಡ ಬಂತು, ಮಳೆ ಆರಿಸುತ್ತೆ" ಅಂತ ಬೆಂಕಿಯ ಹತ್ತಿರ ನಿಲ್ಲುವುದು ಬಹಳ ಅಪಾಯ. ಗುಡುಗು ಕೇಳಿಸಿದ ಕೂಡಲೇ ಸುಟ್ಟು ಕರಿಯಾದ ನೆಲಕ್ಕೆ ಹಿಂದೆ ಸರಿಯಿರಿ.

ಇನ್ನು ಹೊಗೆ ಯಾವಾಗ ನಿಲ್ಲುತ್ತೆ ಅಂತ ಕೇಳಿದ್ದರಲ್ಲ ಕಾನಂಚು ಅವರು, ಅದು ಎಷ್ಟು ಮಳೆ ಬಿತ್ತು ಅನ್ನುವುದರ ಮೇಲೆ. ಎರಡು ಮೂರು ಮಿ.ಮೀ. ಹನಿ ದರಕಿನ ಮೇಲ್ಮೈ ಒದ್ದೆ ಮಾಡುತ್ತೆ, ಮರುದಿನ ಮಧ್ಯಾಹ್ನಕ್ಕೆ ಗರಗರ. ಸಾಗುವಾನಿ ಎಲೆ ತಟ್ಟೆಯ ಹಾಗೆ ನೀರು ಜಾರಿಸುತ್ತೆ, ಅಡಿಯ ಪದರ ಒಣಗೇ ಇರುತ್ತೆ. ಹತ್ತು ಮಿ.ಮೀ. ಬಿದ್ದರೆ ಮೂರ್ನಾಲ್ಕು ದಿನ ನೆಮ್ಮದಿ. 25 ದಾಟಿ, ಒಂದು ವಾರದೊಳಗೆ ಇನ್ನೊಂದು ಬಿದ್ದರೆ ಕುಂಟೆ ಕೊರಡೂ ನೀರು ಕುಡಿಯುತ್ತೆ, ಹೊಸ ಹುಲ್ಲು ಏಳುತ್ತೆ, ನಮ್ಮ ಕಡೆ ಅಲ್ಲಿಗೆ ಬೆಂಕಿ ಕಾಲ ಮುಗೀತು. ಒಂದು ಮಳೆಮಾಪಕ ನೆಟ್ಟುಕೊಳ್ಳಿ, ಮರ, ಮಾಡು ಯಾವುದರಿಂದಲೂ ದೂರ.

---

ಉಸಿರು (ಶಿವಮೊಗ್ಗ) ಉತ್ತರಿಸಿದ್ದು:

ಮಾಪಕದ 180ರ ಬಗ್ಗೆ. ಅಗ್ಗದ ಮಾಪಕ ಮಾಡುವುದು ಇಷ್ಟೇ: ಲೇಸರ್ ಬೆಳಕು ಬಿಟ್ಟು, ಕಣಕ್ಕೆ ತಾಗಿ ಎಷ್ಟು ಚದುರಿತು ಅಂತ ನೋಡುವುದು. ಆರ್ದ್ರತೆ 80–85 ದಾಟಿದರೆ ಕಣ ನೀರು ಹೀರಿ ಊದುತ್ತೆ, ಮಂಜಿನ ಹನಿಯೂ ಕಣದ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಮಲೆನಾಡಿನಲ್ಲಿ ಬೆಳಿಗ್ಗೆ ಏಳರ ಅಂಕಿ ಯಾವತ್ತೂ ಉಬ್ಬಿರುತ್ತೆ. ಅದು ಬರೀ ಮಂಜೋ ಹೊಗೆಯೋ ಅನ್ನುವುದಕ್ಕೆ: ಮಂಜು ಬೆಳ್ಳಗೆ, ಬಿಸಿಲು ಬಿದ್ದರೆ ಮೇಲಕ್ಕೆ ಹರಿದು ಹೋಗುತ್ತೆ, ಬಟ್ಟೆ ಒದ್ದೆ ಮಾಡುತ್ತೆ. ಹೊಗೆ ಎದುರು ಗುಡ್ಡದ ಮೇಲೆ ನೀಲಿ ಛಾಯೆ ಬಳಿದ ಹಾಗೆ, ಸೂರ್ಯ ಕಿತ್ತಳೆ ಬಣ್ಣದ ಬಿಲ್ಲೆ. ಆರ್ದ್ರತೆ 60ಕ್ಕೆ ಇಳಿದ ಮೇಲೂ, ಅಂದರೆ ಹತ್ತೂವರೆ ಹೊತ್ತಿಗೂ, 90–100 ತೋರಿಸುತ್ತಿದ್ದರೆ ಹೊಗೆಯೇ. ನಿಮ್ಮ 40 ಅಂದರೆ ಹೆಚ್ಚಿನ ಪಾಲು ಮಂಜು ಇದ್ದಿರಬಹುದು ಅಂತ. ನಮ್ಮ ದೇಶದ ಮಾನದಂಡ 24 ಗಂಟೆ ಸರಾಸರಿಗೆ 60 ಮೈಕ್ರೋಗ್ರಾಂ. ಆದರೆ ದಮ್ಮಿನವರಿಗೆ ಸರಾಸರಿ ಅನ್ನುವುದಕ್ಕಿಂತ ಬೆಳಗಿನ ಆ ಮೂರು ಗಂಟೆಯೇ ಮುಖ್ಯ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆಪ್‌ನಲ್ಲಿ ಕಾಣುವ ಶಿವಮೊಗ್ಗದ ಗಾಳಿ ಮಾಪನ ಕೇಂದ್ರ ಊರಿನೊಳಗೆ ವಿನೋಬನಗರದಲ್ಲಿದೆ. ಬಯಲು ಜಾಗ. ನಿಮ್ಮ ಕಣಿವೆಗೆ ಅದರ ಅಂಕಿ ಹೊಂದಲ್ಲ. ಫೋನಿನಲ್ಲಿ ಬಣ್ಣ ಬಣ್ಣದ ಹೊಗೆ ನಕ್ಷೆ ತೋರಿಸುವ ಜಾಗತಿಕ ಮಾದರಿಗಳ ಒಂದು ಚೌಕ ಸುಮಾರು 40 ಕಿ.ಮೀ., ಅದರೊಳಗೆ ಹುಲಿಕಲ್, ನಗರ, ಅರ್ಧ ಕರಾವಳಿ ಎಲ್ಲಾ ಸೇರಿ ಒಂದೇ ಬಣ್ಣ.

ಕಣಿವೆಯ ಹೊಗೆಗೆ ಗಡಿಯಾರ ಇದೆ. ರಾತ್ರಿ ನೆಲ ತಣಿದು, ತಣ್ಣನೆ ಗಾಳಿ ಗುಡ್ಡದಿಂದ ಜಾರಿ ತಗ್ಗಿಗೆ ಬಂದು ಕೂರುತ್ತೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕುತ್ತೆ. ಗುಡ್ಡದ ಮೇಲೆ ಕುಂಟೆಯೊಂದು ಹೊಗೆಯಾಡುತ್ತಿದ್ದರೂ ಆ ಹೊಗೆ ಇಳಿದು ನಿಮ್ಮ ಅಂಗಳಕ್ಕೆ ಬರುತ್ತೆ. ಬಿಸಿಲು ನೆಲ ಕಾಯಿಸಿ ಮುಚ್ಚಳ ಒಡೆಯುವುದು ಒಂಬತ್ತೂವರೆ ಹತ್ತಕ್ಕೆ. ಹಾಗಾಗಿ ಕಿಟಕಿ ತೆರೆಯಬೇಕಾದ್ದು ಹನ್ನೊಂದರಿಂದ ಸಂಜೆ ಐದರವರೆಗೆ. ನಮ್ಮ ಅಭ್ಯಾಸ ತಿರುಗಾಮುರುಗಾ: ಬೆಳಿಗ್ಗೆ ತಂಪು ಅಂತ ಎಲ್ಲಾ ತೆರೆದು, ಮಧ್ಯಾಹ್ನ ಸೆಕೆ ಅಂತ ಮುಚ್ಚುತ್ತೇವೆ.

ಅದೇ ಹೊತ್ತಿಗೆ ನಾವೇ ಇನ್ನೊಂದು ಹೊಗೆ ಸೇರಿಸುತ್ತೇವೆ, ಬಚ್ಚಲ ಒಲೆ. ಅಡಿಕೆ ಸಿಪ್ಪೆ ತುಂಬಿ ಆರು ಗಂಟೆಗೆ ಹಚ್ಚಿದರೆ ಆ ಹೊಗೆ ಮುಚ್ಚಳದಡಿ ಮನೆ ಸುತ್ತಲೇ ಗಿರಕಿ ಹೊಡೆಯುತ್ತೆ. ಮೇವರೆಗೆ ನೀರು ಕಾಯಿಸುವುದನ್ನು ಮಧ್ಯಾಹ್ನಕ್ಕೋ ಸಂಜೆ ನಾಲ್ಕಕ್ಕೋ ಹಾಕಿ. ಅಮ್ಮನ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಬೇಡ.

ಶುದ್ಧಿ ಯಂತ್ರ ಕೊಳ್ಳುವ ಯೋಚನೆ ಇದ್ದರೆ ಮೊದಲು ತಲೆ ಎತ್ತಿ ನೋಡಿ. ಮುಚ್ಚಿಗೆ (ಹಂಚಿನ ಕೆಳಗಿನ ಒಳಛಾವಣಿ) ಇಲ್ಲದ ಹಂಚಿನ ಕೋಣೆಯಲ್ಲಿ ಅದು ದಂಡ, ಗಾಳಿ ಹಂಚಿನ ಸಂದಿಯಿಂದ ಬರುತ್ತಲೇ ಇರುತ್ತೆ. ಮುಚ್ಚಿಗೆ ಇರುವ ಒಂದು ಸಣ್ಣ ಕೋಣೆ ಆರಿಸಿ. 12ಕ್ಕೆ 12 ಅಡಿ, ಹತ್ತಡಿ ಎತ್ತರ ಅಂದರೆ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕಾದರೆ ಯಂತ್ರದ ಸಿಎಡಿಆರ್ (ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನುವ ಅಂಕಿ) 200ರ ಮೇಲಿರಬೇಕು. ಪೆಟ್ಟಿಗೆ ಮೇಲಿನ ಚದರಡಿ ಲೆಕ್ಕ ನಂಬಬೇಡಿ, ಈ ಅಂಕಿ ಕೇಳಿ. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95. ಒದ್ದೆ ಟವೆಲ್ ಬೂದಿ ತಡೆಯುತ್ತೆ, ಸೂಕ್ಷ್ಮ ಕಣ ತಡೆಯಲ್ಲ. ವೈದ್ಯರು ಬರೆದುಕೊಟ್ಟ ಇನ್ಹೇಲರ್ ಎಷ್ಟು ಡೋಸ್ ಉಳಿದಿದೆ ನೋಡಿ, ಒಂದು ಹೆಚ್ಚುವರಿ ಮನೆಯಲ್ಲಿರಲಿ. ಮಾತಾಡುವಾಗ ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ ಕಾಯಬೇಡಿ, ಆಸ್ಪತ್ರೆ.

---

ಕಾನಂಚು:

ತುಂಬಾ ಉಪಕಾರ. ಮುಚ್ಚಿಗೆ ಇರುವ ಕೋಣೆ ಒಂದಿದೆ, ಅಮ್ಮನನ್ನು ಅಲ್ಲಿಗೆ ಬದಲಾಯಿಸುತ್ತೇನೆ. ಅಬ್ಬಿ ಪೈಪ್ ಬೇಣದ ಮೇಲೇ ಇದೆ, ಅದು ತಲೆಗೇ ಬಂದಿರಲಿಲ್ಲ. ಸಿಡಿಲು, ಮೆಣಸು ಬಾಕಿ.

---

ಅರ್ಥ್‌ಗುಂಡಿ (ಸೊರಬ) ಉತ್ತರಿಸಿದ್ದು:

ಸಿಡಿಲಿಗೆ ಮೊದಲ ಕೆಲಸ ಮಾರ್ಚ್‌ನಲ್ಲೇ: ಅರ್ಥಿಂಗ್ ಗುಂಡಿಗೆ ನೀರು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಇಟ್ಟಿಗೆಯಂತೆ ಒಣಗುತ್ತೆ, ಮಳೆಗಾಲದಲ್ಲಿ ಐದು ಓಮ್ ರೋಧ ಇದ್ದ ಗುಂಡಿ ಏಪ್ರಿಲ್‌ನಲ್ಲಿ ಅದರ ಎಷ್ಟೋ ಪಟ್ಟು ಆಗಿರುತ್ತೆ. ಸಿಡಿಲು ಹೆಚ್ಚು ಬರುವುದು ಸರಿಯಾಗಿ ಆಗಲೇ. ವಾರಕ್ಕೆ ಎರಡು ಕೊಡ ನೀರು ಸುರಿಯಿರಿ. ತಂತಿ ಕಡ್ಡಿಗೆ ಸೇರುವ ನಟ್ಟು ಹಸಿರುಗಟ್ಟಿದ್ದರೆ ಬಿಚ್ಚಿ ಮರಳು ಕಾಗದ ಉಜ್ಜಿ ಬಿಗಿ ಮಾಡಿ.

ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ರಕ್ಷಕ (ಲೈನಿನಲ್ಲಿ ಒಮ್ಮೆಗೇ ನುಗ್ಗುವ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಹಾಕಿಸಿ. ಬೋರ್ಡಿನಿಂದ ಅದಕ್ಕೆ, ಅದರಿಂದ ಅರ್ಥ್ ಪಟ್ಟಿಗೆ ಹೋಗುವ ತಂತಿ ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಎಲೆಕ್ಟ್ರಿಷಿಯನ್ ಚೆಂದಕ್ಕೆ ಸುತ್ತಿ ಉದ್ದ ಬಿಟ್ಟರೆ ರಕ್ಷಣೆ ಅರ್ಧಕ್ಕರ್ಧ ಹೋಯಿತು. ಅದರ ಸಣ್ಣ ಕಿಟಕಿ ಹಸಿರಿನಿಂದ ಕೆಂಪಾಗಿದ್ದರೆ ಬದಲಿಸಿ. ಹತ್ತಿರಕ್ಕೆ ಬಡಿದ ಸಿಡಿಲಿಗೆ ಇದೂ ಸಾಲದು, ಪ್ಲಗ್ ಕಿತ್ತಿಡುವುದೇ ಗಟ್ಟಿ. ಯುಪಿಎಸ್‌ನ ಸ್ವಿಚ್ ಆರಿಸಿದರೆ ಸಾಲದು, ಗೋಡೆಯಿಂದ ಪ್ಲಗ್ ತೆಗೆಯಬೇಕು. ಇಂಟರ್ನೆಟ್ ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಬರಲ್ಲ. ಡಬ್ಬಿಯ ಅಡಾಪ್ಟರ್‌ನಲ್ಲಿ ಬರುತ್ತೆ. ಮೋಟರಿಗೆ ಸ್ಟಾರ್ಟರ್ ಆಫ್ ಮಾಡಿದರೆ ಮುಗಿಯಲ್ಲ, ಅದರ ಹಿಂದಿನ ಮೇನ್ ಸ್ವಿಚ್ ಇಳಿಸಿ.

ಐಬೆಕ್ಸ್ ಬೇಲಿ ಅಂದರೆ ತೋಟದ ಸುತ್ತ ನೀವೇ ಹಾಸಿದ ಸಿಡಿಲು ಹಿಡಿಯುವ ಬಲೆ. ಎನರ್ಜೈಸರ್‌ನಿಂದ (ಬೇಲಿಗೆ ಕರೆಂಟ್ ಕೊಡುವ ಡಬ್ಬಿ) ಬೇಲಿಗೆ ಹೋಗುವ ತಂತಿಗೆ ಒಂದು ಕಟೌಟ್ ಸ್ವಿಚ್ ಹಾಕಿ. ಮೋಡ ಕಟ್ಟಿದ ಸಂಜೆ ಬೇಲಿ ತಂತಿ, ಅರ್ಥ್ ತಂತಿ ಎರಡನ್ನೂ ಬಿಡಿಸಿ. ಡೈವರ್ಟರ್ (ಬೇಲಿಗೆ ಬಡಿದ ಸಿಡಿಲನ್ನು ನೆಲಕ್ಕೆ ತಿರುಗಿಸುವ ಸಾಧನ) ಹಾಕಿದ್ದರೆ ಅದಕ್ಕೆ ಬೇರೆಯೇ ಅರ್ಥ್ ಕಡ್ಡಿ ಇರಲಿ, ಎನರ್ಜೈಸರಿನ ಕಡ್ಡಿಯಿಂದ ಹತ್ತಿಪ್ಪತ್ತು ಮೀಟರ್ ದೂರ. ಎರಡನ್ನೂ ಒಂದೇ ಕಡ್ಡಿಗೆ ಕಟ್ಟಿದವರದ್ದೇ ಹೆಚ್ಚಾಗಿ ಸುಡುವುದು.

ಮನುಷ್ಯರ ವಿಷಯ: ಮಿಂಚಿನಿಂದ ಗುಡುಗಿಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತರೊಳಗೆ ಕೇಳಿಸಿದರೆ ಒಳಗೆ ಬನ್ನಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಹೋಗಬೇಡಿ. ದಾಮಿನಿ ಆಪ್ 20, 40 ಕಿ.ಮೀ. ಸುತ್ತಿನ ಸಿಡಿಲು ತೋರಿಸುತ್ತೆ, ರಾಜ್ಯದ "ಸಿಡಿಲು" ಆಪ್ ದೂರಕ್ಕೆ ತಕ್ಕ ಬಣ್ಣ ಕೊಡುತ್ತೆ. ಕಣಿವೆಯಲ್ಲಿ ಕರೆಂಟ್ ಹೋದ ಕೂಡಲೇ ಟವರ್ ಕೂಡ ಮಲಗುತ್ತೆ, ಆಗ ಎಣಿಕೆಯೇ ಸೈ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಪ್ಲಾಸ್ಟಿಕ್ ತರ ಕಾಣುತ್ತೆ, ಆದರೆ ಕರೆಂಟ್ ಹಾಯಿಸುತ್ತೆ. ಅದನ್ನು ಎತ್ತಿ ಹಿಡಿದು ಗುಡುಗುವಾಗ ತೋಟದಲ್ಲಿ ನಿಲ್ಲಕೂಡದು, ಮಳೆ ಇಲ್ಲದಾಗಲೂ ಲೈನಿನ ಹತ್ತಿರ ಒಯ್ಯಕೂಡದು.

---

ಮಳೆಮಾಪಕ:

ಮೆಣಸಿಗೆ: ಮಾರ್ಚ್ ಮೊದಲೆರಡು ವಾರ ನಿಮ್ಮ ಕಡೆ ಒಣ ದಿನಗಳೇ ಹೆಚ್ಚು, ಕೊಯ್ಲನ್ನು ಅದರೊಳಗೆ ತಳ್ಳಿ. ಏಪ್ರಿಲ್‌ಗೆ ಬಿಟ್ಟರೆ ದಿನಾ ಮಧ್ಯಾಹ್ನ ಓಡಾಟ. ಹಾಗೇ ಒಣಗಿಸಿದರೆ ಐದಾರು ಬಿಸಿಲು ಬೇಕು. ಬಿಡಿಸಿದ ಕಾಳನ್ನು ಬಟ್ಟೆಯಲ್ಲೋ ಬುಟ್ಟಿಯಲ್ಲೋ ಕಟ್ಟಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಮೂರ್ನಾಲ್ಕು ಬಿಸಿಲಿಗೆ ಆಗುತ್ತೆ, ಬಣ್ಣವೂ ಒಂದೇ ಸಮ ಕಪ್ಪು. ಒಂದು ನಿಮಿಷ ಮೀರಬೇಡಿ.

ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹರಡಬೇಡಿ. ಇಬ್ಬನಿ ಕೂತ ಕಾಳಿಗೆ ಹೊಗೆಯ ಬೂದಿ ಅಂಟಿದರೆ ಆಮೇಲೆ ಉದುರಲ್ಲ. ಸಂಜೆ ಐದಕ್ಕೆ ರಾಶಿ ಮಾಡಿ ಟಾರ್ಪಾಲು ಮುಚ್ಚಿ, "ಹಲವೆಡೆ" ಅಂತ ಬಂದ ದಿನ ಎರಡೂವರೆಗೇ. ಅರ್ಧ ಒಣಗಿದ್ದು ನೆನೆದರೆ ಚೀಲಕ್ಕೆ ತುಂಬಬೇಡಿ, ಒಳಗೆ ಬಿಸಿಯಾಗಿ ಬೂಷ್ಟು ಹಿಡಿಯುತ್ತೆ. ಜಗಲಿಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಹಾಕಿ, ಎರಡು ಗಂಟೆಗೊಮ್ಮೆ ಕೈಯಾಡಿಸಿ. ನೂರು ಕೆ.ಜಿ. ಹಸಿ ಕಾಳು 33ರಿಂದ 35 ಕೆ.ಜಿ.ಗೆ ಇಳಿದಾಗ ತೇವ ಹತ್ತು ಹನ್ನೊಂದು ಪಾಲಿಗೆ ಬಂದಿರುತ್ತೆ. ಹಲ್ಲಲ್ಲಿ ಕಚ್ಚಿ ನೋಡಿ, ಪಟ್ ಅನ್ನಬೇಕು. ಚಪ್ಪಟೆಯಾದರೆ ಇನ್ನೊಂದು ಬಿಸಿಲು.